ಮೆಹಕರದ ಹೊಲಕ್ಕೆ ಬಂದ ಸ್ಕಾಚ್

ಬೀದರಿನ ಮೈಲೂರಿನಲ್ಲಿ ಮಚ್ಛೇಂದ್ರನ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಕುಡಿಯದ ಡ್ರೈವರನ ಮನೆ ಎಂದರೆ ಥಟ್ಟನೆ ಕೈ ಮಾಡಿ ತೋರಿಸುತ್ತಾರೆ. ಸರಕಾರಿ ಬಸ್ಸು ಓಡಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ ಅವನು. ಔರಾದಿನ ದಾರಿ, ಭಾಲ್ಕಿಯ ದಾರಿ, ಕಮಲನಗರದ ದಾರಿ ಮೂರರಲ್ಲೂ ಯಾವ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ, ಯಾವ ಊರಿನ ಸಾಲಿ ಮಕ್ಕಳು ಎಲ್ಲಿ ಓಡಿ ದಾಟುತ್ತಾರೆ ಎಂಬುದು ಅವನ ಕಾಲಿಗೆ ಗೊತ್ತಿತ್ತು, ಕಣ್ಣಿಗಿಂತ ಮೊದಲು ಬ್ರೇಕಿನ ಮೇಲೆ ಹೋಗಿರುತ್ತಿತ್ತು.

ಅವನ ಜೊತೆಯ ಡ್ರೈವರುಗಳಲ್ಲಿ ಹಲವರು ಡ್ಯೂಟಿ ಮುಗಿದ ಮೇಲೆ ಧಾಬಾದ ಕಡೆ ತಿರುಗುತ್ತಿದ್ದರು. ಮಚ್ಛೇಂದ್ರ ತನ್ನ ಕಂಡಕ್ಟರ್ ಸಿಲಾಸನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಮನೆಗೆ ಹೋಗುತ್ತಿದ್ದ. ಭಾನುವಾರ ಬುದ್ಧವಿಹಾರದಲ್ಲಿ ಪಂಚಶೀಲ ಹೇಳುವಾಗ, ಮಾದಕ ವಸ್ತು ಮುಟ್ಟುವುದಿಲ್ಲ ಎಂಬ ಐದನೆಯ ಮಾತು ಬಂದಾಗ, ಹಿರಿಯರು ಒಮ್ಮೊಮ್ಮೆ ಅವನ ಕಡೆ ನೋಡಿ, "ಇವನ್ನ ನೋಡಿ ಕಲೀರಿ" ಅನ್ನುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ಎಷ್ಟು ವಿನಯ ಎಂದು ಜನ ತಿಳಿದುಕೊಳ್ಳುತ್ತಿದ್ದರು.

ಅದು ವಿನಯವಾಗಿರಲಿಲ್ಲ. ತಾನು ಕುಡಿಯದೇ ಇರುವುದು ಶೀಲದಿಂದಲ್ಲ, ಅಂಜಿಕೆಯಿಂದ ಎಂದು ಅವನಿಗೆ ಗೊತ್ತಿತ್ತು. ಡಿಪೊದಲ್ಲಿ ಮುಂಜಾನೆ ಗಾಡಿ ತೆಗೆಯುವ ಮೊದಲು ಡ್ರೈವರುಗಳು ಒಂದು ಸಣ್ಣ ಮಶೀನಿಗೆ ಬಾಯಿಟ್ಟು ಊದಬೇಕು. ಕುಡಿದು ಬಂದಿದ್ದರೆ ಅದು ಕೂಗುತ್ತದೆ. ರಾತ್ರಿ ಕುಡಿದವರು ಕೂಡ ನಕ್ಕೊಂಡು ಊದುತ್ತಿದ್ದರು. ಜನ್ಮದಲ್ಲಿ ಹನಿ ಮುಟ್ಟದ ಹಾಗೆ ಬದುಕಿದ್ದ ಮಚ್ಛೇಂದ್ರನ ಎದೆ ಮಾತ್ರ ಪ್ರತಿಸಲ ಡವಡವ ಹೊಡೆದುಕೊಳ್ಳುತ್ತಿತ್ತು. ತನ್ನೊಳಗೆ ಅಪ್ಪ ಎಲ್ಲೋ ಅಡಗಿ ಕೂತಿದ್ದಾನೆ, ಇವತ್ತು ಮಶೀನು ಅವನನ್ನು ಹಿಡಿದುಬಿಡುತ್ತದೆ ಅನ್ನಿಸುತ್ತಿತ್ತು.

ಅಪ್ಪ ಲಿಂಬಾಜಿ, ಭಾಲ್ಕಿ ತಾಲೂಕಿನ ಮೆಹಕರದವನು. ಕಬ್ಬು ಕಡಿಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಹಾಡು ಬರುತ್ತಿತ್ತು, ನಗಿಸಲು ಬರುತ್ತಿತ್ತು. ಸಂಜೆಯಾದರೆ ಸೆರೆ ಬೇಕು. ಕುಡಿದು ಯಾರನ್ನೂ ಹೊಡೆದವನಲ್ಲ, ಬೈದವನಲ್ಲ. ಅಳುತ್ತಿದ್ದ. ಮಕ್ಕಳಿಬ್ಬರನ್ನೂ ಮುಂದೆ ಕೂರಿಸಿಕೊಂಡು ಕೈ ಮುಗಿಯುತ್ತಿದ್ದ. ಬೆಳಗ್ಗೆ ಎದ್ದು ಮುಖ ತೊಳೆದು, "ಇವತ್ತಿನಿಂದ ಬಿಟ್ಟೆ" ಅನ್ನುತ್ತಿದ್ದ. ಅದು ಸುಳ್ಳಾಗಿರಲಿಲ್ಲ, ಹೇಳುವಾಗ ಅವನು ನಿಜವಾಗಿ ನಂಬುತ್ತಿದ್ದ. ಸಂಜೆಯ ಹೊತ್ತಿಗೆ ಆ ನಂಬಿಕೆ ಕೈಯಿಂದ ಜಾರಿರುತ್ತಿತ್ತು. ಹೀಗೆ ಬಿಡುತ್ತ ಬಿಡುತ್ತಲೇ, ಮಚ್ಛೇಂದ್ರನಿಗೆ ಮೀಸೆ ಮೂಡುವ ಹೊತ್ತಿಗೆ, ಹೊಟ್ಟೆ ಊದಿ ತೀರಿಕೊಂಡ.

ಮೆಹಕರದ ಜನ ಮಚ್ಛೇಂದ್ರನನ್ನು ನೋಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಥೇಟ್ ಲಿಂಬಾಜಿ ನೋಡ್ರಿ. ಅದೇ ನಡಿಗಿ, ಅದೇ ನಗು." ತಮ್ಮ ಉತ್ತಮನಿಗೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಅವನು ತಾಯಿಯ ಹಾಗೆ ಗಿಡ್ಡಗೆ, ಗುಂಡಗೆ ಇದ್ದ.

ಇನ್ನೊಂದು ಸಂಗತಿ ಮಚ್ಛೇಂದ್ರ ಯಾರಿಗೂ ಹೇಳಿರಲಿಲ್ಲ. ಅಪ್ಪ ಸತ್ತ ಮರುವರ್ಷ ಕಮಲನಗರದಲ್ಲಿ ಗೆಳೆಯನೊಬ್ಬನ ಮದುವೆ. ಅಲ್ಲಿ ಯಾರೋ ಕೈಗೆ ಒಂದು ಗ್ಲಾಸು ಕೊಟ್ಟರು. ಕುಡಿದ. ಮೈಯ ಗಂಟುಗಳೆಲ್ಲ ಸಡಿಲಾದವು. ಇಷ್ಟು ದಿನ ಹೊತ್ತಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಇಷ್ಟವಾಯಿತು, ಬಹಳ ಇಷ್ಟವಾಯಿತು. ತಾನೇ ಕೇಳಿ ಇನ್ನೊಂದು ಹಾಕಿಸಿಕೊಂಡ, ಯಾರದೋ ಮಾತಿಗೆ ಜೋರಾಗಿ ನಕ್ಕ. ಆ ನಗು ಅಪ್ಪನದಾಗಿತ್ತು. ಗ್ಲಾಸು ಅಲ್ಲೇ ಇಟ್ಟು ಎದ್ದು ಬಂದವನು ಮತ್ತೆ ಮುಟ್ಟಲಿಲ್ಲ.

ಹಾಗೆ ಬದುಕಿದವನು ರಿಟೈರ್ ಆದ ದಿನ ಡಿಪೊದಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು, ಫೋಟೊ ತೆಗೆದರು. ಮಾತಾಡಲು ಮೈಕು ಕೊಟ್ಟಾಗ ಅವನ ಬಾಯಿಂದ ಬಂದದ್ದು ಇಷ್ಟೇ: "ನನ್ನ ಗಾಲಿ ಕೆಳಗ ಯಾರೂ ಬರ್ಲಿಲ್ರಿ. ಅಷ್ಟೇ ಸಾಕ್ರಿ ನನಗ." ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತವನಿಗೆ ಅಲ್ಲೇ ನಿದ್ದೆ ಹತ್ತಿತು. ಹೆಂಡತಿ ಸುಭದ್ರಾಬಾಯಿ ಎಬ್ಬಿಸಲಿಲ್ಲ. ಹಾರ ಕೊರಳಲ್ಲೇ ಇತ್ತು.

ಮಳೆ ಶುರುವಾದ ಮೇಲೆ ಒಂದು ದಿನ ಸಿಲಾಸ ಔರಾದಿನಿಂದ ಬಂದ. ಅವನು ಹೋದ ವರ್ಷವೇ ರಿಟೈರ್ ಆಗಿದ್ದ. ಜೊತೆಗೆ ಅವನ ತಂಗಿ ಗ್ಲೋರಿಯ ಮಗ ಜಾನ್ಸನ. ಈ ಜಾನ್ಸನ ಬೀದರಿನಲ್ಲಿ ನರ್ಸಿಂಗ್ ಓದುವಾಗ ದಿನಾ ಔರಾದಿನಿಂದ ಇವರ ಮೊದಲ ಬಸ್ಸಿಗೇ ಬರುತ್ತಿದ್ದ. ಹುಡುಗ ತಡವಾಗಿ ಏಳುವವನು. ಸ್ಟಾಪಿನಲ್ಲಿ ಕಾಣದಿದ್ದರೆ ಮಚ್ಛೇಂದ್ರ ಗಾಡಿ ನಿಧಾನ ಮಾಡಿ ಅವರ ಓಣಿಯ ಮುಂದೆ ಹಾರ್ನ್ ಬಾರಿಸುತ್ತಿದ್ದ. ಗ್ಲೋರಿ ಒಳಗಿನಿಂದ ಬೈಯುವುದು, ಹುಡುಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬರುವುದು ಇಡೀ ಬಸ್ಸಿಗೆ ಕಾಣುತ್ತಿತ್ತು. ಈಗ ಅವನು ಸ್ಕಾಟ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ರಜೆಯ ಮೇಲೆ ಬಂದಿದ್ದ.

ಚಹಾ ಕುಡಿದಾದ ಮೇಲೆ ಜಾನ್ಸನ ಚೀಲದಿಂದ ಉದ್ದನೆಯ ಒಂದು ಡಬ್ಬಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಮಾಮಾ, ಇದು ನಿಮಗ, ನಮ್ಮ ಸಿಲಾಸ್ ಮಾಮಾಗ, ಇಬ್ಬರಿಗೂ ಕೂಡಿ. ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ ಅದರಿ. ನಾ ಇರೋ ಊರಿಂದ ಜರಾ ದೂರ ಸಮುದ್ರದ ದಂಡಿಗಿ ಮಾಡ್ತಾರ. ಆರಾಮ ಕೂತು ಕುಡೀರಿ."

ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಬಾಗಿಲಲ್ಲಿ ಸುಭದ್ರಾಬಾಯಿ. ಮಚ್ಛೇಂದ್ರ ಡಬ್ಬಿಯನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡಿದ್ದ.

ಸಿಲಾಸ ಕೆಮ್ಮಿದ. "ಹೇಳಿದ್ನಿ ಇವನಿಗಿ. ಅಣ್ಣ ಕುಡಿಯಲ್ಲೋ ಅಂದ್ರ, ರಿಟೈರ್ ಆದ್ಮ್ಯಾಲ ಕುಡೀತಾರ ಅಂತಾನ. ನಮ್ಮ ಮನ್ಯಾಗ ಇಡಬೇಕಂದ್ರ ನನ್ನ ಹೆಂಡ್ತಿ ದೊರ್ಕಾ ನನ್ನ ಚರ್ಚಿನ ತನಕ ಎಳಕೊಂಡು ಹೋಗ್ತಾಳ."

ಜಾನ್ಸನನ ಮುಖ ಕೆಂಪಾಯಿತು. "ತಪ್ಪಾತ್ರಿ ಮಾಮಾ. ನೀವು ಇಷ್ಟು ಪಕ್ಕಾ ಅಂತ ನನಗ ಖರೇನೇ ಗೊತ್ತಿರ್ಲಿಲ್ಲ. ವಾಪಸ್ ಒಯ್ತೇನ್ರಿ."

"ಕೊಟ್ಟಿದ್ದು ಒಯ್ಯಬ್ಯಾಡಪ್ಪ," ಎಂದಳು ಸುಭದ್ರಾಬಾಯಿ. "ಅಷ್ಟು ದೂರದಿಂದ ನೆನಪಿಟ್ಟು ತಂದೀದಿ." ಡಬ್ಬಿಯನ್ನು ಗಂಡನ ಕೈಯಿಂದ ತಗೊಂಡು ಅಲಮಾರಿಯಲ್ಲಿ, ಚಳಿಗಾಲದ ರಗ್ಗುಗಳ ಹಿಂದೆ ಇಟ್ಟಳು.

ಅಂದಿನಿಂದ ಮಚ್ಛೇಂದ್ರನಿಗೆ ಅಲಮಾರಿಯ ಕಡೆ ಬೆನ್ನು ಮಾಡಿ ಮಲಗುವ ಅಭ್ಯಾಸವಾಯಿತು. ಕೆಲಸ ಇದ್ದಾಗ ಈ ಅಂಜಿಕೆಗೆ ಒಂದು ಬೇಲಿ ಇತ್ತು, ನಾಳೆ ಡ್ಯೂಟಿ, ನಾಳೆ ಮಶೀನು. ಈಗ ಬೇಲಿ ಇಲ್ಲ, ಬಾಟಲಿ ಮನೆಯೊಳಗೇ ಇದೆ. ಹೆಂಡತಿ ವಿಹಾರಕ್ಕೆ ಹೋದಾಗ ಒಂದು ಸಲ ರಗ್ಗು ಸರಿಸಿ ಡಬ್ಬಿ ತೆಗೆದು ನೋಡಿದ. ಬಾಟಲಿಯೊಳಗಿನ ಬಣ್ಣ ಆಗಷ್ಟೇ ಒಲೆಯಿಂದ ಇಳಿಸಿದ ಜೋನಿ ಬೆಲ್ಲದ ಹಾಗಿತ್ತು. ಬೆಳಕಿಗೆ ಹಿಡಿದ. ಚೆಂದ ಕಂಡಿತು. ಚೆಂದ ಕಂಡದ್ದಕ್ಕೇ ಹೆದರಿ ಮತ್ತೆ ಒಳಗಿಟ್ಟ.

ಮಗಳು ಆಮ್ರಪಾಲಿ ಭಾಲ್ಕಿಯಲ್ಲಿ ಟೀಚರ್. ರಜೆಗೆ ಬಂದಾಗ ರಗ್ಗು ತೆಗೆಯಲು ಹೋಗಿ ಡಬ್ಬಿ ಕಂಡು ಜೋರಾಗಿ ನಕ್ಕಳು. "ಅಪ್ಪಾ, ಇದು ಎಂಥಾ ಭಾರೀ ಮಾಲು ಗೊತ್ತೇನು? ಯಾರಿಗಾದ್ರೂ ಕೊಟ್ಟುಬಿಡು, ಇಲ್ಲಾಂದ್ರ ಕುಡಿ. ಹಿಂಗ ಮುಚ್ಚಿಟ್ಟು ಏನ ಮಾಡ್ತಿ?"

"ಕೊಡ್ತೇನಿ, ಕೊಡ್ತೇನಿ," ಎಂದ ಮಚ್ಛೇಂದ್ರ. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಾಗ ಬಂದ ಉತ್ತರ ಅವನಿಗೆ ಹಿಡಿಸಲಿಲ್ಲ.

ಮಗಳು ಹೋದ ಮರುದಿನ ಸಂಜೆ ಸುಭದ್ರಾಬಾಯಿ ತೊಗರಿಬೇಳೆ ಹಸನ ಮಾಡುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು: "ಅದಕ ಅಷ್ಟ್ಯಾಕ ಅಂಜ್ತೀರಿ?"

"ಯಾವುದಕ?"

"ರಗ್ಗಿನ ಹಿಂದ ಇರೋದಕ. ನಿಮ್ಮ ಕೂಡ ಎಷ್ಟು ವರ್ಷದ ಸಂಸಾರ ನಂದು? ವೈನ್ ಶಾಪ್ ಬಂದ್ರ ನೀವು ಆ ಕಡಿ ಮುಖ ಹೊಳ್ಳಸ್ತೀರಿ. ಸಿಟ್ಟಿಲೆ ಅಂತ ಮೊದಲ ತಿಳಕೊಂಡಿದ್ದೆ. ಸಿಟ್ಟಲ್ಲ ಅದು."

ಮಚ್ಛೇಂದ್ರ ಅವಳ ಎದುರು ಬಂದು ಕೂತ. ಆಮೇಲೆ ಕಮಲನಗರದ ಮದುವೆಯ ಸಂಗತಿ ಹೇಳಿದ. ಆ ಎರಡು ಗ್ಲಾಸು, ಆ ನಗು. "ಥೇಟ್ ಲಿಂಬಾಜಿ ಅಂತಾರಲ್ಲ ಮಂದಿ, ಅವರಿಗಿ ಗೊತ್ತಿಲ್ಲ ಅದು ಎಷ್ಟು ಖರೇ ಅಂತ. ನನಗ ಸೇರಿತ್ತು, ಸುಭದ್ರಾ. ಮುಟ್ಟಿದ್ರ ನಾನೂ ಹಂಗೇ ಆಗ್ತಿದ್ದೆ."

ಸುಭದ್ರಾಬಾಯಿ ಮೊರ ಕೆಳಗಿಟ್ಟಳು. "ನಾ ಶೀಲ ತಗೊಂಡಾಕಿ. ಕುಡಿಯೋದು ನನಗ ಸೇರಂಗಿಲ್ಲ. ಆದ್ರ ನೀವು ಮುದುಕರಾದ್ರೂ ಹಿಂಗ ಅಂಜಿ ಅಂಜಿ ಅಲಮಾರಿಗಿ ಬೆನ್ನು ಮಾಡಿ ಮಲಗೋದು ಅದಕಿಂತ ಸೇರಂಗಿಲ್ಲ. ಹೋಗ್ರಿ, ಒಂದ ಸಲ ಕುಡದು ನೋಡ್ರಿ. ಈ ಮನ್ಯಾಗ ಬ್ಯಾಡ. ಮೆಹಕರಕ್ಕ ಹೋಗ್ರಿ, ಉತ್ತಮ ಇರ್ತಾನ, ಸಿಲಾಸ್ ಅಣ್ಣಾರಿಗಿ ಬರ್ಲಾಕ ಹೇಳ್ರಿ. ಮರುದಿನ ಮುಂಜಾನಿ ಬಸ್ಸಿಗಿ ಬಂದುಬಿಡ್ರಿ."

"ಮತ್ತ ನಾ ನಿಂದರಲಿಲ್ಲಂದ್ರ?"

"ನಿಂದರಲಿಲ್ಲಂದ್ರ ನಾ ಬಂದು ಎಳಕೊಂಡು ಬರ್ತೇನಿ. ಗಾಡಿ ಓಡಸೋದು ನಿಮಗ ಗೊತ್ತು, ನಿಮ್ಮನ್ನ ಓಡಸೋದು ನನಗ ಗೊತ್ತು."

ಚಳಿ ಬಿದ್ದ ಮೇಲೆ ಒಂದು ಶನಿವಾರ ಮಚ್ಛೇಂದ್ರ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಟವೆಲ್ ಸುತ್ತಿ ಇಟ್ಟುಕೊಂಡು ಭಾಲ್ಕಿಯ ಬಸ್ಸು ಹತ್ತಿದ. ಡ್ರೈವರ್ ಹೊಸ ಹುಡುಗ. ದಾರಿಯುದ್ದಕ್ಕೂ ಮಚ್ಛೇಂದ್ರನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಭಾಲ್ಕಿ ಸ್ಟ್ಯಾಂಡಿನಲ್ಲಿ ಸಿಲಾಸ ಕಾಯುತ್ತಿದ್ದ, ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ.

"ದೊರ್ಕಾಗ ಏನಂತ ಹೇಳಿ ಬಂದಿ?"

"ಮಚ್ಛೇಂದ್ರಣ್ಣನ ತಮ್ಮನ ಹೊಲಕ್ಕ ಅಂದ್ನಿ. ಸುಳ್ಳೇನಲ್ಲಲ್ಲ," ಎಂದ ಸಿಲಾಸ. "ಅಕಿ ಹಸಿ ಜೋಳದ ಸೀತನಿ ತಿನ್ನಾಕ ಹೊಂಟಾರ ಅಂತ ತಿಳಕೊಂಡಾಳ. ಅದು ಅಕಿ ತಿಳಕೊಂಡಿದ್ದು."

ಉತ್ತಮ ಮೋಟರ್‌ಸೈಕಲ್ ಮೇಲೆ ಬಂದು ಇಬ್ಬರನ್ನೂ ಊರ ಕಡೆ ತಿರುಗುವ ಫಾಟಾದಿಂದ ಹೊಲಕ್ಕೆ ಕರೆದುಕೊಂಡು ಹೋದ. ತೊಗರಿ ಕಾಯಿ ಕಟ್ಟಿ ಬಾಗಿ ನಿಂತಿತ್ತು, ಅದರಾಚೆ ಜೋಳ. ಬಾವಿಯ ಹತ್ತಿರ ಹುಣಸೆಮರದ ಕೆಳಗೆ ಅವನು ಹೊರಸು ಹಾಕಿಟ್ಟಿದ್ದ. ಬಿಸಿಲು ಇನ್ನೂ ಇತ್ತು, ಹಿತವಾಗಿತ್ತು. ಉತ್ತಮನ ಹೆಂಡತಿ ಕೋಳಿ ಸಾರು, ಭಕ್ರಿ ಕಟ್ಟಿಕೊಟ್ಟಿದ್ದಳು.

ಉತ್ತಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ದಾದಾ, ನೀ ಖರೇ ಕುಡೀತಿ ಏನು?"

"ನೋಡ್ತೇನಿ," ಎಂದ ಮಚ್ಛೇಂದ್ರ.

ಬಿರಡೆ ಸಣ್ಣಗೆ ಸದ್ದು ಮಾಡಿ ಬಂತು. ವಾಸನೆ ಬಾವಿಯ ಸುತ್ತ ಹರಡಿತು. ಸಿಲಾಸ ಮೂರು ಸ್ಟೀಲ್ ಲೋಟಗಳಲ್ಲಿ ಟಿಕೆಟ್ ಹರಿಯುವಾಗಿನ ಎಚ್ಚರದಿಂದ ಸ್ವಲ್ಪ ಸ್ವಲ್ಪ ಸುರಿದ. "ಸೋಡಾ ಹಾಕಬ್ಯಾಡ್ರಿ ಅಂದಾನ ಜಾನ್ಸನ. ನಾಕು ಹನಿ ನೀರು ಅಷ್ಟೇ. ಗಟಗಟ ಕುಡಿಯಂಗಿಲ್ಲ ಅಂತ."

ಲೋಟ ಕೈಗೆ ತಗೊಂಡದ್ದೇ ಸಿಲಾಸ ರೂಢಿಯಂತೆ ತಲೆ ಬಗ್ಗಿಸಿ ಕಣ್ಣು ಮುಚ್ಚಿದ. ಊಟಕ್ಕೆ ಮುಂಚೆ ಯಾವತ್ತೂ ಪ್ರಾರ್ಥನೆ ಮಾಡುವವನು. ಅರ್ಧಕ್ಕೆ ಕಣ್ಣು ತೆರೆದು ಗಾಬರಿಯಿಂದ ಇಬ್ಬರನ್ನೂ ನೋಡಿದ. "ಇದಕ ಮಾಡಬೇಕೇನು, ಬ್ಯಾಡೇನು?"

"ಭಕ್ರಿಗಿ ಮಾಡು, ಇದು ಅದರ ಕೂಡ ಹೋಗ್ತದ," ಎಂದ ಉತ್ತಮ.

ಮೂವರೂ ನಕ್ಕರು. ಉತ್ತಮ ಮೂಗು ಲೋಟಕ್ಕೆ ಹತ್ತಿರ ತಂದು ಮುಖ ಕಿವಿಚಿದ. "ದವಾಖಾನಿ ವಾಸನಿ ಬರ್ತದಲ್ಲೋ! ಇದಕ ಇಷ್ಟು ಹೆಸರೇನು?" ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಕೂತ. "ತಡಿ, ತಡಿ. ಹಿಂದಿಂದ ಏನೋ ಬರ್ಲಾಕತ್ತದ."

ಮಚ್ಛೇಂದ್ರ ಲೋಟ ಎತ್ತಿದ. ಅವನಿಗೆ ಬಂದದ್ದು ಹೊಗೆಯ ವಾಸನೆ. ತೊಗರಿ ಕಟ್ಟಿಗೆ ಸುಟ್ಟ ಹೊಲದ ಮೇಲೆ ಮಳೆ ಬಿದ್ದರೆ ಬರುವಂಥದ್ದು, ಅದರ ಒಳಗೆ ಎಲ್ಲೋ ಜೇನು. ತುಟಿಗೆ ತಾಗಿಸಿದ. ನಾಲಿಗೆ ಉರಿಯಿತು, ಗಂಟಲು ಉರಿಯಿತು, ಆಮೇಲೆ ಎದೆಯ ಒಳಗೆ ಒಂದು ಸಣ್ಣ ಕೆಂಡ ಇಟ್ಟ ಹಾಗೆ ಬೆಚ್ಚಗಾಯಿತು. ಉರಿ ಹೋದ ಮೇಲೂ ರುಚಿ ಹೋಗಲಿಲ್ಲ, ಬಾಯಲ್ಲಿ ನಿಂತೇ ಇತ್ತು. ಇಂಥದ್ದನ್ನು ಅವನು ಎಂದೂ ಉಂಡಿರಲಿಲ್ಲ, ತಿಂದಿರಲಿಲ್ಲ. ಇನ್ನೊಂದು ಗುಟುಕು, ನಿಧಾನಕ್ಕೆ. ಕೋಳಿ ಸಾರಿನಲ್ಲಿ ಅದ್ದಿದ ಭಕ್ರಿಯ ಒಂದು ತುಂಡು. ಮತ್ತೊಂದು ಗುಟುಕು.

ಇಷ್ಟವಾಯಿತು. ಅದು ಅವನಿಗೆ ಗೊತ್ತಾದ ಕೂಡಲೇ ಲೋಟವನ್ನು ಕೆಳಗಿಟ್ಟುಬಿಟ್ಟ.

ಸಿಲಾಸ ಇನ್ನೊಮ್ಮೆ ಸುರಿದ. ಮಾತು ಹಳೆಯ ದಿನಗಳಿಗೆ ಹೋಯಿತು. ಸಂತಪುರದ ಹತ್ತಿರ ಬಸ್ಸಿನ ಮೇಲಿಂದ ಕೋಳಿ ಬುಟ್ಟಿ ಬಿದ್ದು ಪ್ರಯಾಣಿಕರೆಲ್ಲ ಇಳಿದು ಕೋಳಿ ಹಿಡಿದದ್ದನ್ನು ಸಿಲಾಸ ಕೈ ಮಾಡಿ ಕುಣಿದು ಹೇಳಿದ. ಮಚ್ಛೇಂದ್ರ ಜೋರಾಗಿ ನಕ್ಕ. ನಕ್ಕವನು ಗಕ್ಕನೆ ನಿಲ್ಲಿಸಿದ.

"ಯಾಕ ನಿಲ್ಲಿಸ್ದಿ?" ಎಂದ ಉತ್ತಮ.

"ಅಪ್ಪ ನಕ್ಕಂಗ ಆತು."

"ಆತು ಮತ್ತ. ಅಪ್ಪಂದು ನಗು ಛಲೋ ಇತ್ತಲ್ಲ," ಎಂದ ಉತ್ತಮ. "ಮನಿ ತುಂಬಾ ಕೇಳ್ತಿತ್ತು. ನಾ ಸಣ್ಣವ ಇದ್ದೆ, ಅದೊಂದೇ ನನಗ ಪೂರಾ ನೆನಪಿರೋದು. ನೀ ನಗೋದು ಬಿಟ್ಟ ಮ್ಯಾಲ ಅದೂ ಕೇಳಸಲಿಲ್ಲ ಈ ಊರಾಗ."

ಮಚ್ಛೇಂದ್ರ ತಮ್ಮನ ಮುಖ ನೋಡಿದ. ತನ್ನ ನೆನಪಿನಲ್ಲಿ ಅಪ್ಪನ ನಗು ಎಂದರೆ ಸೆರೆಯ ವಾಸನೆ. ಇವನ ನೆನಪಿನಲ್ಲಿ ಬರೀ ನಗು. "ನೀನೂ ಕುಡೀತಿ. ನಿನಗ ಎಂದೂ ಅಂಜಿಕಿ ಆಗಿಲ್ಲೇನು?"

"ಹಬ್ಬಕ್ಕ, ಮದುವಿಗಿ ಎರಡು ಪೆಗ್ ಹಾಕ್ತೇನಿ. ಆಮ್ಯಾಲ ನಿದ್ದಿ ಬರ್ತದ, ಮಲಗ್ತೇನಿ. ಅಂಜೋದು ಏನದ ಅದರಾಗ?" ಉತ್ತಮ ಬಾಟಲಿ ಎತ್ತಿದ. "ಲೋಟ ಮುಂದ ಮಾಡು ದಾದಾ."

ಮಚ್ಛೇಂದ್ರ ಲೋಟ ಮುಂದೆ ಮಾಡಲಿಲ್ಲ, ಹಿಂದೆ ತೆಗೆಯಲೂ ಇಲ್ಲ. ಗಾಡಿಯಲ್ಲಿ ಏನೋ ಸಪ್ಪಳ ಬಂದರೆ ಎಂಜಿನ್ ಬಂದ್ ಮಾಡಿ ಕಿವಿಗೊಟ್ಟು ಕೇಳುತ್ತಿದ್ದನಲ್ಲ, ಹಾಗೆ ತನ್ನ ಒಳಗೆ ಕೇಳಿಕೊಂಡ. ಇನ್ನೂ ಬೇಕು ಎಂದು ಎಳೆಯುವ ಆ ಕೈ ಎಲ್ಲಿ? ಅಪ್ಪನನ್ನು ಸಂಜೆಯಾದರೆ ಎಬ್ಬಿಸಿ ಕರೆದೊಯ್ಯುತ್ತಿದ್ದ ಕೈ? ಕಾದ. ತೊಗರಿಯ ಮೇಲೆ ಗಾಳಿ ಹಾಯ್ದುಹೋಯಿತು. ಎದೆಯಲ್ಲಿ ಬೆಚ್ಚಗಿತ್ತು, ಹೊಟ್ಟೆ ತುಂಬಿತ್ತು, ಸ್ವಲ್ಪ ನಿದ್ದೆ ಬಂದ ಹಾಗಿತ್ತು. ಅಷ್ಟೇ. ಬೇರೇನೂ ಇರಲಿಲ್ಲ.

ಲೋಟದ ಮೇಲೆ ಅಂಗೈ ಇಟ್ಟ. "ಸಾಕು," ಎಂದ.

ಎಷ್ಟು ಸಲೀಸಾಗಿ ಬಂತು ಆ ಮಾತು! ಅವನಿಗೇ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಹೇಳಿ ನೋಡಿದ. "ಸಾಕೋ, ಉತ್ತಮ. ಸಾಕು ನನಗ."

"ಸಾಕಂದ್ರ ಸಾಕು, ಯಾರ ಜಬರದಸ್ತಿ ಮಾಡ್ಲಾಕತ್ತಾರ?" ಎಂದು ಉತ್ತಮ ಬಾಟಲಿಗೆ ಬಿರಡೆ ಹಾಕಿದ. ತಿರುಗಿ ನೋಡಿದರೆ ಅಣ್ಣನ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ದಾದಾ! ಏನಾತೋ?"

"ಏನಿಲ್ಲ. ಹಗುರಾತು," ಎಂದ ಮಚ್ಛೇಂದ್ರ. ಟವೆಲಿನಿಂದ ಮುಖ ಒರೆಸಿಕೊಂಡು, ಇಬ್ಬರಿಗೂ ಎಲ್ಲ ಹೇಳಿದ. ಸಿಲಾಸ ಕೇಳುತ್ತ ಕೇಳುತ್ತ ಅವನ ಮೊಣಕಾಲ ಮೇಲೆ ಕೈಯಿಟ್ಟ. ಇಷ್ಟು ವರ್ಷ ಒಂದೇ ಗಾಡಿಯಲ್ಲಿ ಬೆನ್ನಿನ ಹಿಂದೆ ನಿಂತಿದ್ದೆ, ಇದು ನನಗೆ ಗೊತ್ತಾಗಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡ. ಆಮೇಲೆ ಕೋಳಿ ಬುಟ್ಟಿಯ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಮಚ್ಛೇಂದ್ರ ನಗು ನಿಲ್ಲಿಸಲಿಲ್ಲ. ಪಕ್ಕದ ಹೊಲದಲ್ಲಿ ಜೋಳಕ್ಕೆ ನೀರು ಬಿಡುತ್ತಿದ್ದ ಮುದುಕನೊಬ್ಬ ತಲೆಯೆತ್ತಿ, "ಯಾರದು, ಲಿಂಬಾಜಿ ಮಗ ಬಂದಾನೇನು?" ಎಂದು ಕೂಗಿ ಕೇಳಿದ.

"ಹೌದ್ರಿ ಕಾಕಾ, ನಾನೇ!" ಎಂದು ಮಚ್ಛೇಂದ್ರ ತಿರುಗಿ ಕೂಗಿದ.

ಅಂದು ರಾತ್ರಿ ಅವನು ಹುಟ್ಟಿದ ಮನೆಯಲ್ಲಿ, ಅಪ್ಪ ಮಲಗುತ್ತಿದ್ದ ಪಡಸಾಲೆಯಲ್ಲಿ ಮಲಗಿದ. ಅಪ್ಪ ಹೋದ ಮೇಲೆ ಆ ಪಡಸಾಲೆಯಲ್ಲಿ ಎಂದೂ ಮಲಗಿದವನಲ್ಲ. ಒಳ್ಳೆಯ ನಿದ್ದೆ ಬಂತು. ಬೆಳಗ್ಗೆ ಎದ್ದ ಕೂಡಲೇ ಎದೆಗೆ ಕೈಯಿಟ್ಟು ನೋಡಿಕೊಂಡ, ಬಾಟಲಿ ಎಲ್ಲಿದೆ ಎಂಬ ಯೋಚನೆಗಿಂತ ಮೊದಲು ಚಹಾ ನೆನಪಾಯಿತು. ಅದು ಗೊತ್ತಾದಾಗ ಒಬ್ಬನೇ ಮುಗುಳ್ನಕ್ಕ.

ಮೈಲೂರಿನ ಮನೆಗೆ ಬಂದಾಗ ಸುಭದ್ರಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ಎಷ್ಟು ಕುಡದ್ರಿ?"

"ಎರಡು ಸಲ. ಸಣ್ಣ ಸಣ್ಣದು."

"ಆಮ್ಯಾಲ?"

"ಆಮ್ಯಾಲ ಸಾಕಾತು."

"ತಾನಾಗೇ ಸಾಕಾತೋ, ನೀವು ಹಲ್ಲು ಕಚ್ಚಿ ಸಾಕು ಅಂದ್ರೋ?"

"ತಾನಾಗೇ, ಸುಭದ್ರಾ. ಖರೇ ಹೇಳ್ತೇನಿ, ತಾನಾಗೇ."

ಸುಭದ್ರಾಬಾಯಿ ಹೊಸ್ತಿಲಲ್ಲೇ ಕೂತುಬಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದು ದೊಡ್ಡ ಉಸಿರು ಬಿಟ್ಟಳು. "ರಾತ್ರಿ ಕಣ್ಣಿಗಿ ಕಣ್ಣು ಹಚ್ಚಿಲ್ಲ ನಾ. ಕಳಿಸಿದ್ದು ನಾನೇ, ಎಳಕೊಂಡು ಬರ್ತೇನಿ ಅಂದಾಕೀನೂ ನಾನೇ. ಹೆಂಗ ಎಳಕೊಂಡು ಬರಲಿ ಅಂತ ರಾತ್ರಿ ಪೂರಾ ಅದೇ ಫಿಕರ್."

ಮಚ್ಛೇಂದ್ರ ಅವಳ ಪಕ್ಕ ಕೂತ. ಓಣಿಯಲ್ಲಿ ತರಕಾರಿ ಗಾಡಿ ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

ಬಾಟಲಿ ಮೆಹಕರದಲ್ಲೇ, ಉತ್ತಮನ ಜೋಳದ ಕಣಜದ ಹಿಂದೆ ಉಳಿಯಿತು. ಬೇಸಿಗೆಯವರೆಗೆ ಬಂತು. ಮಚ್ಛೇಂದ್ರ ಈಗ ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗುತ್ತಾನೆ, ತಮ್ಮನ ಜೊತೆ ಹೊಲದಲ್ಲಿ ಕೆಲಸ ಮಾಡುತ್ತಾನೆ. ಹೋದಾಗಲೆಲ್ಲ ಕುಡಿಯುತ್ತಾನೆ ಎಂದೇನಲ್ಲ, ಎರಡು ಸಲ ನೆನಪೇ ಆಗಲಿಲ್ಲ. ಕೊನೆಯ ಸ್ವಲ್ಪ ಉಳಿದಿದ್ದಾಗ ಸಿಲಾಸ ಮತ್ತೆ ಬಂದ. ಈ ಸಲ ದೊರ್ಕಾಳಿಗೆ ನಿಜ ಹೇಳಿಯೇ ಬಂದಿದ್ದ. ಆಕೆ ಎರಡು ದಿನ ಮಾತು ಬಿಟ್ಟಿದ್ದಳಂತೆ. ಮೂರನೆಯ ದಿನ, "ನಿಮ್ಮ ತಂಗಿ ಮಗ ತಂದಾನಂತ ಕುಡೀತೀರಿ. ನನ್ನ ತಮ್ಮ ತಂದಿದ್ದಾಗಿದ್ರ ಹಿಂಗ ಸುಮ್ಮ ಇರ್ತಿದ್ರೇನು?" ಎಂದು ಕೇಳಿ, ಭಕ್ರಿ ಜೊತೆಗೆ ಒಣ ಮೀನಿನ ಚಟ್ನಿ ಕಟ್ಟಿಕೊಟ್ಟಿದ್ದಳು.

ಹುಣಸೆಮರದ ಕೆಳಗೆ ಮೂರು ಲೋಟಕ್ಕೆ ಸಮನಾಗಿ ಸುರಿಯುವಾಗ ಉತ್ತಮ ಜಾನ್ಸನನಿಗೆ ವಿಡಿಯೊ ಕಾಲ್ ಹಚ್ಚಿದ. ಅಲ್ಲಿ ಅವನು ಡ್ಯೂಟಿಗೆ ಹೊರಟಿದ್ದ, ಹಿಂದೆ ಮೋಡ ಕವಿದ ಆಕಾಶ.

"ಹ್ಯಾಂಗದರಿ ಮಾಮಾ?" ಎಂದು ಕೇಳಿದ.

"ಭಾಳ ಛಲೋ ಅದ," ಎಂದ ಮಚ್ಛೇಂದ್ರ. "ನೀ ಹೊಂಡು, ತಡಾ ಆಗ್ತದ. ಅಲ್ಲಿ ನಿನಗ ಹಾರ್ನ್ ಹೊಡಿಯೋರು ಯಾರೂ ಇಲ್ಲ."